ಹಕ್ಕಿಗೆಂದು ಕಟ್ಟದ ಕದಿರು

ಹಳೆಯ ಮನೆಯ ಚಾವಡಿಯ ಕಂಬ. ಅದರಲ್ಲಿ ಆಳೆತ್ತರಕ್ಕೆ ಒಂದು ಕಟ್ಟು. ಮಾವಿನೆಲೆ, ಹಲಸಿನೆಲೆ, ಬಿದಿರಿನ ಎಲೆ ಒಂದರ ಮೇಲೊಂದು ಮಡಚಿ, ನಡುವೆ ನಾಲ್ಕಾರು ಭತ್ತದ ತೆನೆ ಇಟ್ಟು, ದಡ್ಡಲ್ ಮರದ ನಾರಿನಿಂದ ಬಿಗಿದಿದ್ದಾರೆ. ಕಟ್ಟಿದ ದಿನ ಎಲೆ ಹಸಿರು, ತೆನೆ ಅರೆಹಳದಿ. ವಾರ ಕಳೆಯುವಾಗ ಎಲೆ ಸುರುಟಿಕೊಳ್ಳುತ್ತದೆ, ಕಾಳು ಗಟ್ಟಿಯಾಗುತ್ತದೆ. ಅಷ್ಟರಲ್ಲಿ ಗುಬ್ಬಚ್ಚಿಗಳಿಗೆ ಸುದ್ದಿ ಮುಟ್ಟಿರುತ್ತದೆ. ಒಂದು ಬಂದು ನಾರಿನ ಗಂಟನ್ನು ಉಗುರಲ್ಲಿ ಹಿಡಿದು ತಲೆಕೆಳಗಾಗಿ ಜೋತುಬೀಳುತ್ತದೆ, ಕಾಳು ಕೀಳುತ್ತದೆ, ಕೊಕ್ಕಿನಲ್ಲೇ ಹೊರಳಿಸಿ ಸಿಪ್ಪೆ ಉಗುಳುತ್ತದೆ. ಕಂಬದ ಬುಡದಲ್ಲಿ ಚಿಟಿಕೆಯಷ್ಟು ಉಮಿ. ದೀಪಾವಳಿ ಬರುವಾಗ ಕಟ್ಟಿನಲ್ಲಿ ಉಳಿಯುವುದು ಬರೀ ಕಡ್ಡಿ. ಆ ಕಡ್ಡಿಯನ್ನು ಯಾರೂ ಬಿಚ್ಚುವುದಿಲ್ಲ. ಬರುವ ವರ್ಷದ ತೆನೆ ಬರುವವರೆಗೆ ಅದು ಅಲ್ಲೇ.

ತುಳುನಾಡಿನ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತುಳುವಿನಲ್ಲಿ ಕುರಲ್ ಪರ್ಬ, ಕೆಲವರ ಬಾಯಲ್ಲಿ ಕೊರಲ್ ಪರ್ಬ, ಕನ್ನಡದಲ್ಲಿ ತೆನೆ ಹಬ್ಬ ಅಥವಾ ಕದಿರು ಕಟ್ಟುವುದು. ಗದ್ದೆಯಿಂದ ಮೊದಲ ತೆನೆ ತಂದು, ದೇವರ ಮುಂದಿಟ್ಟು, ಮನೆಯ ಕಂಬಕ್ಕೆ, ಬಾಗಿಲಿಗೆ, ಭತ್ತ ತುಂಬುವ ಪತ್ತಾಯಕ್ಕೆ, ನೇಗಿಲಿಗೆ, ತೆಂಗಿನ ಮರಕ್ಕೆ ಕಟ್ಟುವುದು. ‘ಇಲ್ಲ್ ದಿಂಜಾವುನೆ’ ಎನ್ನುತ್ತಾರೆ, ಮನೆ ತುಂಬಿಸುವುದು. ಆಮೇಲೊಂದು ದಿನ ಹೊಸ ಅಕ್ಕಿಯ ಊಟ, ಪುದ್ವಾರ್.

ಈ ಆಚರಣೆಯ ವಿವರದಲ್ಲಿ ಹಕ್ಕಿಯ ಹೆಸರು ಎಲ್ಲೂ ಬರಲಿಲ್ಲ. ಗಮನಿಸಬೇಕಾದ್ದು ಅದನ್ನೇ. ಕದಿರು ಕಟ್ಟಿದ್ದು ಹಕ್ಕಿಗೆಂದಲ್ಲ, ಆದರೆ ತಿಂದದ್ದು ಹಕ್ಕಿಯೇ. ಈ ಸೀಮೆಯಲ್ಲಿ ಕಾಡುಹಕ್ಕಿ, ಊರುಹಕ್ಕಿಗಳಿಗೆ ಮನುಷ್ಯ ಉಳಿಸಿಕೊಟ್ಟ ತುತ್ತಿನ ಚರಿತ್ರೆ ಬರೆಯಹೊರಟರೆ ಹೆಜ್ಜೆಹೆಜ್ಜೆಗೂ ಎದುರಾಗುವುದು ಇಂಥದ್ದೇ: ಬೇರೆ ಯಾವುದಕ್ಕೋ ಬಿಟ್ಟದ್ದು, ಹಕ್ಕಿಯ ಪಾಲಾದದ್ದು.

ನಾರ್ವೆ, ಸ್ವೀಡನ್ನುಗಳಲ್ಲಿ ವಿಷಯ ಬೇರೆ. ಅಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಓಟ್ಸ್ ತೆನೆಯ ದೊಡ್ಡ ಹೊರೆಯನ್ನು ಕಂಬಕ್ಕೆ ಏರಿಸುತ್ತಾರೆ. ನಾರ್ವೆಯವರು ‘ಯೂಲೆನೆಕ್’ ಎನ್ನುವ ಈ ಹೊರೆ ನೇರವಾಗಿ ಹಕ್ಕಿಗಳಿಗೇ ಮೀಸಲು. ಹಿಮ ಬಿದ್ದು ನೆಲ ಮುಚ್ಚಿದ ಮೇಲೆ ಅವಕ್ಕೆ ಬೇರೆ ದಿಕ್ಕಿಲ್ಲ. ಇಂಗ್ಲೆಂಡಿನ ತೋಟಗಾರರು ಹೂ ಬಾಡಿದ ಗಿಡಗಳನ್ನು ಚಳಿಗಾಲ ಮುಗಿಯುವವರೆಗೆ ಕಡಿಯದೆ ನಿಲ್ಲಿಸುವುದೂ ಅದೇ ಕಾರಣಕ್ಕೆ: ಒಣಗಿದ ಹೂತಲೆಯಲ್ಲಿ ಬೀಜ ಇರುತ್ತದೆ, ಟೊಳ್ಳು ದಂಟಿನಲ್ಲಿ ಹುಳು ಇರುತ್ತದೆ.

ತುಳುನಾಡಿಗೆ ಹಿಮವೂ ಇಲ್ಲ, ಆ ಅರ್ಥದ ಚಳಿಗಾಲವೂ ಇಲ್ಲ. ಇಲ್ಲಿ ಹೊಟ್ಟೆಗೆ ಬರ ಬರುತ್ತಿದ್ದದ್ದು ಆಟಿ ತಿಂಗಳಲ್ಲಿ. ಬಿಡದೆ ಸುರಿಯುವ ಮಳೆ, ಕಟ್ಟಿಟ್ಟ ಅಕ್ಕಿಯ ಮುಡಿ ಒಂದೊಂದಾಗಿ ಬಿಚ್ಚಿ ಮುಗಿಯುವ ಕಾಲ. ಜನ ತೊಜಂಕು, ತಿಮರೆ, ಕೆಸು, ಹಲಸಿನ ಬೀಜದಲ್ಲಿ ದಿನ ದೂಡಿದ್ದು ಆಗಲೇ. ಆಟಿ ಕಳೆದು ಸೋಣ ಬಂದು, ಏಣೆಲು, ಅಂದರೆ ಮಳೆಗಾಲದ ಬೆಳೆಯ, ಗದ್ದೆಯಲ್ಲಿ ಹಾಲು ತುಂಬಿದ ತೆನೆ ಬಾಗುವ ಹೊತ್ತಿಗೆ ಕುರಲ್ ಪರ್ಬ. ಮನೆಯವರಿಗೂ ಗುಬ್ಬಚ್ಚಿಗೂ ಹಸಿವು ಮುಗಿದದ್ದು ಒಂದೇ ವಾರದಲ್ಲಿ.

1801ರ ಆರಂಭದಲ್ಲಿ ಫ್ರಾನ್ಸಿಸ್ ಬುಕಾನನ್ ಈ ಸೀಮೆಯ ದಾರಿಯಲ್ಲಿ ಹೋಗಿದ್ದ. ಟಿಪ್ಪುವಿನ ಪತನದ ಬಳಿಕ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ ನಾಡನ್ನು ನೋಡಿ ವರದಿ ಬರೆಯಲು ಹೊರಟಿದ್ದ ವೈದ್ಯ. ಮಂಗಳೂರು ಬಿಟ್ಟು ಫರಂಗಿಪೇಟೆ, ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆ ಹಾದು ಕಾರ್ಕಳದತ್ತ ನಡೆದ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಬಂದ ಅವನ ಪ್ರವಾಸ ಕಥನದಲ್ಲಿ ಇಲ್ಲಿಯ ಗದ್ದೆಗಳ ವಿಂಗಡಣೆ ಇದೆ: ಬೈಲು, ಮಜಲು, ಬೆಟ್ಟು. ತೋಡಿನ ಮಗ್ಗುಲ ತಗ್ಗಿನಲ್ಲಿರುವ ಬೈಲಿಗೆ ವರ್ಷವಿಡೀ ನೀರು, ಹಾಗಾಗಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ. ಮಜಲಿಗೆ ಎರಡು. ಮಳೆ ನಂಬಿದ ಬೆಟ್ಟಿಗೆ ಒಂದೇ.

ಈ ಲೆಕ್ಕವನ್ನು ಮುನಿಯ ಹಕ್ಕಿಯ ಕಣ್ಣಿನಿಂದ ಓದಿದರೆ ಸ್ವಾರಸ್ಯ ಬೇರೆಯೇ. ಏಣೆಲು ಮಾಗುವುದು ಸೆಪ್ಟೆಂಬರ್, ಅಕ್ಟೋಬರಿಗೆ, ಸುಗ್ಗಿ ಜನವರಿ, ಫೆಬ್ರವರಿಗೆ, ಕೊಳಕೆ ಬೇಸಿಗೆಗೆ. ಒಂದು ಊರಿನೊಳಗೇ ಒಂದು ಗದ್ದೆ ಕೊಯ್ದು ಬೋಳಾಗುವಾಗ ಇನ್ನೊಂದರಲ್ಲಿ ಕಾಳು ಕಟ್ಟುತ್ತಿರುತ್ತದೆ, ಮತ್ತೊಂದರಲ್ಲಿ ಉತ್ತ ಕೆಸರಿಗೆ ಬೆಳ್ಳಕ್ಕಿ ಸಾಲುಗಟ್ಟಿರುತ್ತದೆ. ಮಳೆ ನಿಂತ ಮೇಲಿನ ಏಳೆಂಟು ತಿಂಗಳು ಎಲ್ಲೋ ಒಂದು ಕಡೆ ತಟ್ಟೆ ಹಾಕಿಯೇ ಇತ್ತು.

ಹಾಗೆಂದು ಬೇಸಾಯಗಾರ ದಾನಶೂರನಾಗಿದ್ದ ಎಂದು ಯಾರೂ ತಿಳಿಯಬೇಡಿ. ಗಿಳಿಯ ಹಿಂಡು ಗದ್ದೆಗೆ ಇಳಿದರೆ ತಗಡಿನ ಡಬ್ಬ ಬಡಿಯುತ್ತಿದ್ದರು, ಬೆರ್ಚಪ್ಪನನ್ನು ನಿಲ್ಲಿಸುತ್ತಿದ್ದರು, ಶಾಲೆ ಬಿಟ್ಟು ಬಂದ ಮಕ್ಕಳನ್ನು ಕಟ್ಟಪುಣಿಯ ಮೇಲೆ ಕಾವಲಿಗೆ ಕೂರಿಸುತ್ತಿದ್ದರು. ಗಿಳಿ ಕಾಳು ಮಾತ್ರ ತಿಂದು ಹೋಗುವುದಲ್ಲ, ತೆನೆಯನ್ನೇ ಕತ್ತರಿಸಿ ಹಾರುತ್ತದೆ. ಗೇಣಿ ಅಕ್ಕಿ ಅಳೆಯಬೇಕಾದ ಒಕ್ಕಲಿಗೆ ಅದು ತಮಾಷೆಯಲ್ಲ. ಉದ್ದ ಮೀಸೆಯ ಭತ್ತದ ತಳಿಗಳು ಬೇಕಾಗಿದ್ದದ್ದೂ ಇದಕ್ಕೇ. ಮೀಸೆ ಇದ್ದ ತೆನೆಗೆ ಸಣ್ಣ ಹಕ್ಕಿಯ ಕೊಕ್ಕು ಸುಲಭಕ್ಕೆ ಇಳಿಯುವುದಿಲ್ಲ. ಗದ್ದೆಯಲ್ಲಿ ಓಡಿಸುವುದು, ಅಂಗಳದಲ್ಲಿ ಕಂಡೂ ಕಾಣದಂತೆ ಇರುವುದು. ಹಕ್ಕಿಯ ಜತೆ ಈ ಸೀಮೆಯ ಒಪ್ಪಂದ ಅದಾಗಿತ್ತು.

ಅಂಗಳದಲ್ಲಿ ನಡೆಯುತ್ತಿದ್ದದ್ದೇನು? ಪಡಿಮಂಚಕ್ಕೆ ಸೂಡಿ ಬಡಿಯುವಾಗ ಕಾಳು ನಾಲ್ಕೂ ಕಡೆ ಸಿಡಿಯುತ್ತದೆ. ಎಷ್ಟೇ ಗುಡಿಸಿದರೂ ಸೆಗಣಿ ಸಾರಿಸಿದ ನೆಲದ ಬಿರುಕಿನಲ್ಲಿ ಒಂದಷ್ಟು ಉಳಿಯುತ್ತದೆ. ಬೈಹುಲ್ಲಿಗೆ ಅಂಟಿಕೊಂಡ ಜೊಳ್ಳು, ಅರೆಜೊಳ್ಳು ಹುಲ್ಲಿನ ರಾಶಿಯ ಜತೆ ಮೇಲೇರುತ್ತದೆ. ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ ಮುಡಿ ಕಟ್ಟುತ್ತಾರೆ. ಮೂರು ಕಳಸೆ, ಅಂದರೆ 42 ಸೇರು ಸೇರಿದರೆ ಒಂದು ಮುಡಿ. ಆ ಮುಡಿಗಳು ಬಂಟ್ವಾಳದ ಪೇಟೆಗೆ ಹೋಗಿ, ಅಲ್ಲಿಂದ ನೇತ್ರಾವತಿಯ ದೋಣಿಗಳಲ್ಲಿ ಮಂಗಳೂರಿಗೆ ಇಳಿಯುತ್ತಿದ್ದವು. ಮನೆಯಲ್ಲಿ ಉಳಿದದ್ದನ್ನು ಹೆಂಗಸರು ಒನಕೆಯಲ್ಲಿ ಕುಟ್ಟಿ ತಡ್ಪೆ ಎಂಬ ಮೊರದಲ್ಲಿ ಕೇರುವಾಗ ನುಚ್ಚು, ತೌಡು ಅಂಗಳಕ್ಕೆ ಹಾರುತ್ತಿತ್ತು. ಗುಬ್ಬಚ್ಚಿ ಗೋಡೆಯ ಸಂದಿಯಲ್ಲಿ, ಮಾಡಿನ ಅಡಿಯಲ್ಲಿ ಗೂಡು ಕಟ್ಟಿದ್ದು ಮನುಷ್ಯನ ಮೇಲಿನ ಪ್ರೀತಿಗಲ್ಲ, ಈ ತಡ್ಪೆಗೆ. ಅಕ್ಕಿ ಗಿರಣಿ ಬಂದು ಒನಕೆ ಮೂಲೆ ಸೇರಿದ ದಿನ ಅದರ ಅರ್ಧ ಊಟ ಹೋಯಿತು.

ತೆನೆ ಕಟ್ಟುವ ಸಂಪ್ರದಾಯ ಒಂದೇ ಸಮುದಾಯದ್ದಲ್ಲ. ಬಂಟ್ವಾಳ ತಾಲೂಕಿನ ಫರಂಗಿಪೇಟೆಯಲ್ಲಿ, ನೇತ್ರಾವತಿಯ ದಂಡೆಯ ಮೊಂತೆ ಮರಿಯಾನೊ ಚರ್ಚಿನಲ್ಲಿ, ಕೊಂಕಣಿ ಕ್ರೈಸ್ತರ ಮೊಂತಿ ಫೆಸ್ತ್‌ನ ಮೂಲ ಇದೆ ಎನ್ನುತ್ತಾರೆ. ಗೋವೆಯಿಂದ ಬಂದ ಫಾದರ್ ಜೋಕಿಂ ಮಿರಾಂದಾ 1763ರಲ್ಲಿ ಇದನ್ನು ಶುರುಮಾಡಿದರು ಎಂಬುದು ರೂಢಿಯ ಮಾತು. ಹೈದರಾಲಿಗೆ ಅವರ ಮೇಲಿದ್ದ ಸ್ನೇಹದಿಂದಾಗಿಯೇ ಮುಂದೆ ಟಿಪ್ಪು ಈ ಚರ್ಚನ್ನು ಉಳಿಸಿದ ಎಂಬ ಮಾತೂ ಜತೆಗೆ ಬರುತ್ತದೆ. ಸೆಪ್ಟೆಂಬರ್ 8ಕ್ಕೆ ಮರಿಯಮ್ಮನ ಹುಟ್ಟುಹಬ್ಬ. ಅದಕ್ಕೂ ಮುಂಚಿನ ದಿನಗಳಲ್ಲಿ ಮಕ್ಕಳು ಬೇಲಿ, ಗುಡ್ಡೆ ಸುತ್ತಿ ಹೂ ಕೊಯ್ದು ತಂದು ಮೂರ್ತಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ತೆನೆಗೆ ಆಶೀರ್ವಾದ ಆಗಿ, ಮನೆಮನೆಗೆ ಹೋಗಿ, ಕೆಲವು ಕಾಳು ಹಾಲಿಗೋ ಪಾಯಸಕ್ಕೋ ಬೀಳುತ್ತವೆ. ಉಳಿದ ತೆನೆ ಪೀಠದ ಬಳಿ. ಪಕ್ಕದ ಮನೆಯ ಕಂಬದಲ್ಲಿ ಕುರಲ್, ಇವರ ಮನೆಯಲ್ಲಿ ‘ನೊವೆಂ’. ಗದ್ದೆ ಒಂದೇ, ತಿಂಗಳೂ ಒಂದೇ.

ದೀಪಾವಳಿಗೆ ಬಲೀಂದ್ರನನ್ನು ಕೂಗಿ ಕರೆದು ಗದ್ದೆಯ ಹುಣಿಯಲ್ಲಿ ದೀಪವಿಟ್ಟು ಅವಲಕ್ಕಿ, ತೆಂಗಿನಕಾಯಿ ಚೂರು ಹಾಕಿ ಬರುವುದಿದೆ. ಬೆಳಗಾಗುವಾಗ ಆ ಅವಲಕ್ಕಿ ಇರುವುದಿಲ್ಲ. ಬಲೀಂದ್ರ ತಿಂದನೋ, ಗೊರವಂಕ ತಿಂದಿತೋ ಎಂದು ಮರುದಿನ ಹೋಗಿ ನೋಡುವ ರೂಢಿಯಿಲ್ಲ. ತೀರಿಕೊಂಡವರ ಹೆಸರಲ್ಲಿ ಕಾಗೆಗೆ ಇಡುವ ಎಡೆಯಂತೂ ಎಲ್ಲರಿಗೂ ಗೊತ್ತಿದ್ದದ್ದೇ. ಅಲ್ಲಿ ಮಾತ್ರ ಹಕ್ಕಿಯನ್ನು ಹೆಸರು ಹಿಡಿದು ಕರೆಯುತ್ತಾರೆ. ಅದೂ ಹಿರಿಯರ ಪರವಾಗಿ ಉಣ್ಣಲು.

ಇನ್ನು ಬೇಲಿ, ಅದರಾಚೆಯ ಗುಡ್ಡೆ. ಕದಿರಿಗಿಂತ ದೊಡ್ಡ ಕತೆ ಇರುವುದು ಇಲ್ಲಿ.

ಹಳೆಯ ದಕ್ಷಿಣ ಕನ್ನಡದ ಭೂದಾಖಲೆಯಲ್ಲಿ ‘ಕುಮ್ಕಿ’ ಎಂಬ ಪದ ಇದೆ. ಫಾರಸಿಯಿಂದ ಬಂದದ್ದು, ನೆರವು ಎಂಬ ಅರ್ಥ. ಕದೀಂ ವರ್ಗದ, ಅಂದರೆ ಹಳೆಯ ಹಿಡುವಳಿಯ, ಜಾಗದ ಅಂಚಿನಿಂದ 100 ಗಜದೊಳಗಿನ ಸರಕಾರಿ ಜಾಗದಲ್ಲಿ ವರ್ಗದಾರನಿಗೆ ಸೊಪ್ಪು, ಸೌದೆ, ಮೇವು ತೆಗೆದುಕೊಳ್ಳುವ ಹಕ್ಕು. ನೆಲ ಸರಕಾರದ್ದು, ಸೊಪ್ಪು ಒಕ್ಕಲಿನದು. ಗದ್ದೆಗೆ, ಅಡಿಕೆ ಬುಡಕ್ಕೆ ಹಸಿರೆಲೆ ಗೊಬ್ಬರ ಬೇಕಾಗಿದ್ದ ಕಾಲದಲ್ಲಿ ಗುಡ್ಡೆಯ ಗಿಡವನ್ನು ಬುಡ ಸಹಿತ ಕಡಿಯುವುದು ತನ್ನ ಅನ್ನಕ್ಕೆ ತಾನೇ ಮಣ್ಣು ಹಾಕಿಕೊಂಡಂತೆ. ಕೊಂಬೆ ಸವರಿ, ಬುಡ ಬಿಟ್ಟು, ಮತ್ತೆ ಚಿಗುರಲು ಕಾಯುತ್ತಿದ್ದರು. ಹಾಗೆ ಉಳಿದ ಕುರುಚಲಿನಲ್ಲಿ ಕುಂಟಾಲ, ನೇರಳೆ, ಕೇಪುಳ, ನೆಕ್ಕರೆ, ಚೂರಿಮುಳ್ಳು, ಕರಂಡೆ, ಅಬಳುಕ. ಒಂದರ ಹಣ್ಣು ಮುಗಿಯುವಾಗ ಇನ್ನೊಂದು. ದನ ಮೇಯಿಸುವ ಮಕ್ಕಳಿಗೂ ಪಿಕಳಾರಕ್ಕೂ ಒಂದೇ ಅಂಗಡಿ.

ತಿಂದದ್ದಕ್ಕೆ ಹಕ್ಕಿ ಬಾಡಿಗೆ ಕೊಡುತ್ತಿತ್ತು. ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸಿನ ಕೆಂಪು ಹಣ್ಣನ್ನು ಪಿಕಳಾರ ನುಂಗಿ, ತಿರುಳು ಕರಗಿಸಿಕೊಂಡು, ಕಾಳನ್ನು ಮರದಡಿಗೆ ಬೀಳಿಸುತ್ತದೆ. ಸಿಪ್ಪೆ ಕಳಚಿದ ಆ ಬಿಳಿ ಕಾಳನ್ನು ಹೆಕ್ಕಿ ತೊಳೆದರೆ ಬೋಳುಕಾಳು. ಬೇಲಿಗೆ ಹಕ್ಕಿ ತಂದ ಇನ್ನೊಂದು ಬೀಜದ ಕತೆ ಅಷ್ಟು ಸುಖದ್ದಲ್ಲ. ಗಂಧದ ಹಣ್ಣು ತಿಂದ ಕೋಗಿಲೆ, ಪಿಕಳಾರಗಳು ಬೇಲಿಯ ಮೇಲೆ ಕೂತು ಬೀಜ ಉದುರಿಸಿದರೆ ಅಲ್ಲೊಂದು ಗಂಧದ ಗಿಡ. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿ ಬರುವವರೆಗೆ ಸ್ವಂತ ಜಾಗದಲ್ಲಿ ಹುಟ್ಟಿದ ಗಂಧವೂ ಸರಕಾರದ್ದೇ. ಅದು ಬೆಳೆದರೆ ಕಳ್ಳರ ಕಾಟ, ಕಳವಾದರೆ ಇಲಾಖೆಯ ಪ್ರಶ್ನೆ. ಹಕ್ಕಿ ನೆಟ್ಟ ಸಸಿಯನ್ನು ಸದ್ದಿಲ್ಲದೆ ಕಿತ್ತೆಸೆದವರು ಆ ಕಾಲದಲ್ಲಿ ಇದ್ದರೆ ಬೈಯುವಂತಿಲ್ಲ.

ಚಳಿಯ ತಿಂಗಳುಗಳಲ್ಲಿ ಬೇಲಿಗೆ ಮತ್ತೊಂದು ಕಳೆ ಬರುತ್ತಿತ್ತು. ಮುಳ್ಳಿನ ಹೊಂಗಾರೆಯನ್ನು ಬೇಲಿಗೂ ಮೆಣಸಿನ ಬಳ್ಳಿಯ ಆಸರೆಗೂ ನೆಡುವ ಪದ್ಧತಿ ಇತ್ತು. ಎಲೆ ಉದುರಿಸಿ ಕೆಂಪು ಹೂ ಬಿಡುವ ಹೊಂಗಾರೆಗೆ, ಗುಡ್ಡೆಯ ಬೂರುಗಕ್ಕೆ, ಮಕರಂದ ಕುಡಿಯಲು ಗೊರವಂಕ, ಗಿಳಿ, ಸೂರಕ್ಕಿ, ಉತ್ತರದಿಂದ ವಲಸೆ ಬಂದ ಹೊನ್ನಕ್ಕಿ ಎಲ್ಲ ಸೇರುತ್ತವೆ. ಅದೇ ಹೊತ್ತಿಗೆ ಬೇಲಿಯ ಬುಡದಲ್ಲಿ, ತರಗೆಲೆಯ ನಡುವೆ, ನವರಂಗ ಹಕ್ಕಿ ಹುಳು ಕೆದಕುತ್ತಿರುತ್ತದೆ.

ಇವೆಲ್ಲದರ ಮೇಲೆ ದೇವರ ಪಾಲು ನಾಗಬನ. ಅಲ್ಲಿ ಕತ್ತಿ ತಾಗಿಸುವಂತಿಲ್ಲ, ಒಣ ಕೊಂಬೆಯನ್ನೂ ಮನೆಗೆ ಒಯ್ಯುವಂತಿಲ್ಲ. ಕಾಲು ಎಕರೆಯ ಬನದಲ್ಲಿ ಗೋಳಿ, ಅತ್ತಿ, ಹೆಬ್ಬಲಸು, ಬೈನೆ, ರೆಂಜೆ, ರಾಮಪತ್ರೆ. ಬೆಳ್ತಂಗಡಿಯ ಘಟ್ಟದ ಬುಡದ ಊರುಗಳಲ್ಲಿ ಮಂಗಟ್ಟೆ ಹಕ್ಕಿ ಕಾಡಿನಿಂದ ಇಳಿದು ಬರುವುದು ಇಂಥ ಗೋಳಿ, ರಾಮಪತ್ರೆಗಳ ಹಣ್ಣಿಗೆ. ಮಂಗಟ್ಟೆಗೆ ಗೂಡಿಗೂ ಹಳೆಯ ಮರದ ಪೊಟರೆಯೇ ಬೇಕು. ಸತ್ತ, ಟೊಳ್ಳಾದ ಮರವನ್ನೂ ಹಾಗೇ ನಿಲ್ಲಿಸಿದ ಜಾಗ ಬನ ಒಂದೇ ಆಗಿತ್ತು.

ಮೂಡುಬಿದಿರೆಗಂತೂ ಹೆಸರೇ ಬಿದಿರಿನದು, ಮೂಡಣದ ಬಿದಿರೆ. ಸಂಸ್ಕೃತದ ಶಾಸನ, ಪುರಾಣಗಳ ನಾಲಿಗೆಗೆ ವೇಣುಪುರ. 1430ರ ಸುಮಾರಿನ ಸಾವಿರ ಕಂಬದ ಬಸದಿಯನ್ನು ನೋಡಲು ಬರುವವರಿಗೆ ಊರಿನ ಬಿದಿರು ಈಗ ಕಣ್ಣಿಗೆ ಬೀಳುವುದು ಕಡಿಮೆ. ಬಿದಿರು ಹಲವು ದಶಕಕ್ಕೊಮ್ಮೆ ಮೆಳೆಗೆ ಮೆಳೆಯೇ ಹೂ ಬಿಟ್ಟು, ರಾಶಿ ಬೀಜ ಸುರಿಸಿ ಸಾಯುತ್ತದೆ. ಆ ವರ್ಷ ಬಿದಿರಕ್ಕಿ ಹೆಕ್ಕಲು ಬಡವರು, ಕಾಡುಕೋಳಿ, ಚೋರೆಹಕ್ಕಿ, ಮುನಿಯ, ಇಲಿ ಎಲ್ಲರೂ ಹಾಜರು. ಬಿದಿರು ಹೂ ಬಿಟ್ಟರೆ ಬರಗಾಲ ಎನ್ನುವ ಹಳಬರ ಹೆದರಿಕೆಗೆ ಕಾರಣ ಆ ಇಲಿಗಳೇ: ಬಿದಿರಕ್ಕಿ ತಿಂದು ಹೆಚ್ಚಿದ ಇಲಿ ಅದು ಮುಗಿದ ಮೇಲೆ ಪತ್ತಾಯಕ್ಕೆ ಬರುತ್ತದೆ.

ಬದಲಾವಣೆ ಒಂದೇ ದಿನ ಬರಲಿಲ್ಲ. 1974ರ ಭೂಸುಧಾರಣೆ ಗೇಣಿ ಒಕ್ಕಲನ್ನು ಒಡೆಯನನ್ನಾಗಿ ಮಾಡಿತು. ತಲೆಮಾರುಗಟ್ಟಲೆ ಬೇರೆಯವರ ಮುಡಿ ತುಂಬಿಸಿದವನು ತನ್ನ ನೆಲದಲ್ಲಿ ಲಾಭದ ಬೆಳೆ ಹಾಕಿದ. ಹಕ್ಕಿಯ ಲೆಕ್ಕ ಹಿಡಿದು ಇದನ್ನು ದೂರುವುದು ಅನ್ಯಾಯ. ಆದರೆ ಆದದ್ದು ಹೌದು: ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ 1956ರಲ್ಲೇ ಅಡಿಕೆ ಸಂಶೋಧನಾ ಕೇಂದ್ರ ಬಂದಿತ್ತು, 1973ರಲ್ಲಿ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿ ಅಡಿಕೆಗೆ ಮಾರುಕಟ್ಟೆಯ ಬೆನ್ನು ಸಿಕ್ಕಿತು, ಭತ್ತಕ್ಕೆ ಕೂಲಿಯೂ ಹುಟ್ಟದ ಸ್ಥಿತಿ. ಮಜಲಿಗೆ ಅಡಿಕೆ ಹತ್ತಿತು, ಆಮೇಲೆ ಬೈಲಿಗೂ. ಬೆಳ್ತಂಗಡಿಯ ಗುಡ್ಡೆಗಳಿಗೆ ಕೇರಳದಿಂದ ಬಂದ ಕೃಷಿಕರ ಜತೆ ರಬ್ಬರ್ ಬಂತು. ಕುಮ್ಕಿಯ ಕುರುಚಲು ಅಕ್ರಮ ಸಕ್ರಮದ ಅರ್ಜಿಯೊಳಗೆ ತೋಟವಾಯಿತು. ರಬ್ಬರ್ ತೋಪಿನಲ್ಲಿ ನೆರಳಿದೆ, ಹಣ್ಣಿಲ್ಲ.

ಕಾಟು ಗಿಡದ ಬೇಲಿಯ ಜಾಗಕ್ಕೆ ಕೆಂಪುಕಲ್ಲಿನ ಕಂಪೌಂಡು ಎದ್ದಿತು. ಬನಗಳಲ್ಲಿ ಹಲವು ಬೋಳಾಗಿ, ಕಾಂಕ್ರೀಟು ಕಟ್ಟೆ, ಟೈಲ್ಸ್, ಕಬ್ಬಿಣದ ಗೇಟು ಬಂದವು. ನಾಗನಿಗೆ ಸೌಕರ್ಯ ಹೆಚ್ಚಾಯಿತು, ಕುಟ್ರುಹಕ್ಕಿಗೆ ಅತ್ತಿ ಇಲ್ಲದಾಯಿತು.

ಎಲ್ಲಕ್ಕಿಂತ ಕಡಿಮೆ ಮಾತಿಗೆ ಬಂದ ಬದಲಾವಣೆ ಕತ್ತಿಯದು. ಮೊದಲು ಹುಣಿಯ ಹುಲ್ಲನ್ನು ದನಕ್ಕೆಂದು ದಿನಕ್ಕೆ ಒಂದು ಹೊರೆ ಕೊಯ್ಯುತ್ತಿದ್ದರು. ಇವತ್ತು ತೋಡಿನ ಬದಿ, ನಾಳೆ ದರೆಯ ಕೆಳಗೆ. ಒಂದು ಕಡೆ ಕೊಯ್ಯುವಾಗ ಇನ್ನೊಂದು ಕಡೆ ಹುಲ್ಲು ಹೂ ಬಿಟ್ಟು ಬೀಜ ಕಟ್ಟಿರುತ್ತಿತ್ತು, ಮುನಿಯಗಳು ಆ ಬೀಜದ ಗೊಂಚಲಿಗೆ ಜೋತು ಹುಲ್ಲನ್ನೇ ಬಾಗಿಸುತ್ತಿದ್ದವು. ಈಗ ಹೆಗಲಿಗೆ ಹಾಕುವ ಯಂತ್ರ ಬಂದಿದೆ. ಮಳೆ ಬಿಟ್ಟ ಕೂಡಲೇ, ಅಡಿಕೆ ಹೆಕ್ಕಲು ಅನುಕೂಲವಾಗಲಿ ಎಂದು, ಇಡೀ ತೋಟ, ದರೆ, ತೋಡಿನ ಅಂಚು ಒಂದೇ ದಿನದಲ್ಲಿ ಬೋಳು. ಹಕ್ಕಿಗೆ ಉಣ್ಣಿಸಿದ್ದು ಮನುಷ್ಯನ ಔದಾರ್ಯಕ್ಕಿಂತ ಕೈಕೆಲಸದ ನಿಧಾನ ಎಂಬುದು ಯಂತ್ರ ಬಂದ ಮೇಲೆ ಗೊತ್ತಾಯಿತು.

ಹಬ್ಬ ನಿಂತಿಲ್ಲ. ಗದ್ದೆ ಇಲ್ಲದ ಮನೆಯವರು ತೆನೆಗಾಗಿ ಪಕ್ಕದ ಊರಿಗೆ ಹೋಗುತ್ತಾರೆ, ದೇವಸ್ಥಾನದಲ್ಲಿ ಹಂಚುವ ಕಟ್ಟನ್ನು ತರುತ್ತಾರೆ. ಬೆಳ್ತಂಗಡಿ ತಾಲೂಕಿನ ಮಿತ್ತಬಾಗಿಲಿನ ಅಮೈಯಲ್ಲಿ ಬಿ.ಕೆ. ದೇವರಾವ್ ಅವರು ನೂರಕ್ಕೂ ಹೆಚ್ಚು ಭತ್ತದ ತಳಿಗಳನ್ನು ಗದ್ದೆಯಲ್ಲೇ ಬೆಳೆಸಿ ಕಾಪಾಡಿದ್ದು ಈ ಕಾಲದಲ್ಲೇ. ರೈತನ ಕೈಯಲ್ಲಿ ತಳಿ ಉಳಿಯುವುದು ಡಬ್ಬದಲ್ಲಿ ಮುಚ್ಚಿಟ್ಟಲ್ಲ, ವರ್ಷ ವರ್ಷ ಬಿತ್ತಿ ಕೊಯ್ದು. ಅಂಥ ಗದ್ದೆ ಇದ್ದ ಕಡೆ ಹಕ್ಕಿಯ ಪಾಲು ತಾನಾಗಿ ಬರುತ್ತದೆ.

ಗುಬ್ಬಚ್ಚಿಯ ಮೇಲೆ ಜನರಿಗೆ ಕರುಣೆ ಹೆಚ್ಚಿದೆ. 2010ರಿಂದ ಮಾರ್ಚ್ 20ಕ್ಕೆ ಗುಬ್ಬಚ್ಚಿ ದಿನ. ಶಾಲೆಗಳಲ್ಲಿ ಮಣ್ಣಿನ ಪಾತ್ರೆ, ಮರದ ಗೂಡು ಹಂಚುತ್ತಾರೆ. ಒಳ್ಳೆಯದೇ. ಆದರೆ 2020ರ ‘ಭಾರತದ ಹಕ್ಕಿಗಳ ಸ್ಥಿತಿಗತಿ’ ವರದಿ ಹೇಳುವಂತೆ ದೇಶದಲ್ಲಿ ಗುಬ್ಬಚ್ಚಿಯ ಸಂಖ್ಯೆ ಒಟ್ಟಾರೆ ಸ್ಥಿರ, ಕುಸಿದಿರುವುದು ದೊಡ್ಡ ನಗರಗಳಲ್ಲಿ. ಅದೇ ವರದಿಯ ಪ್ರಕಾರ ನವಿಲು ಹೆಚ್ಚಿದೆ. ಇಲ್ಲಿಯ ರೈತರಿಗೆ ಅದನ್ನು ವರದಿ ಓದಿ ತಿಳಿಯಬೇಕಾಗಿಲ್ಲ. ಬಿತ್ತಿದ ಭತ್ತವನ್ನೂ ತರಕಾರಿ ಸಸಿಯನ್ನೂ ನವಿಲು ಮುಗಿಸುತ್ತದೆ. ಉಳಿದ ನಾಲ್ಕು ಗದ್ದೆಗೆ ಸುತ್ತಲಿನ ನವಿಲೆಲ್ಲ ಬಂದರೆ ಐದನೆಯ ವರ್ಷ ಅದೂ ಅಡಿಕೆ ತೋಟ. ಹಕ್ಕಿಗೆ ಬಿಡಿ ಎಂದು ಅವರಿಗೆ ಉಪದೇಶ ಮಾಡುವವರು ಒಂದು ಏಣೆಲು ಬೆಳೆದು ನೋಡಿದ ಮೇಲೆ ಮಾತಾಡುವುದು ಲೇಸು.

ಪಾತ್ರೆಯಲ್ಲಿ ಅಕ್ಕಿ ಹಾಕಿದರೆ ಬರುವುದು ಪಾರಿವಾಳ, ಕಾಗೆ, ಗುಬ್ಬಚ್ಚಿ. ಪಾತ್ರೆಗೆ ಬಾರದ ಹಕ್ಕಿಗಳೇ ಹೆಚ್ಚು. ನವರಂಗ ಅಕ್ಕಿ ತಿನ್ನುವುದಿಲ್ಲ, ಉಲಿಯಕ್ಕಿಗೆ ಬೇಕಾದ್ದು ಎಲೆಯಡಿಯ ಹುಳು, ಮುನಿಯಕ್ಕೆ ನಿಂತ ಹುಲ್ಲಿನ ಬೀಜ. ಹಾಗಾಗಿ ತೋಟ ಇದ್ದವರಲ್ಲಿ ಒಂದು ಕೋರಿಕೆ: ಅಡಿಕೆ ಬೀಳುವ ಜಾಗ ಸವರಿಕೊಳ್ಳಿ, ದರೆಯ ಬದಿ ಹತ್ತಡಿ ಅಗಲದ ಒಂದು ಪಟ್ಟಿಯನ್ನು ಮಾತ್ರ ಹಾಗೇ ಬಿಡಿ. ಅಲ್ಲಿ ತರಗೆಲೆಗೆ ಬೆಂಕಿಯೂ ಬೇಡ. ಅಕ್ಟೋಬರಿನಲ್ಲಿ ಬಂದ ನವರಂಗ ಏಪ್ರಿಲ್ ಹೊತ್ತಿಗೆ ಉತ್ತರಕ್ಕೆ ಹೊರಡುತ್ತದೆ. ಯಂತ್ರವನ್ನು ಆಮೇಲೆ ಇಳಿಸಿದರಾಯಿತು.